ಹದಿನಾಲ್ಕು ಅಕ್ಷರದ ಹೆಸರು

ನಮ್ಮ ಮನೆಯಲ್ಲಿ ಜೋಳದ ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತಿರಲಿಲ್ಲ, ಅಕ್ಷರದಲ್ಲಿ ಹೇಳುತ್ತಿದ್ದರು. ಒಂದು ಸೇರು ಜೋಳಕ್ಕೆ ಹದಿನೈದು ಅಕ್ಷರ. ಒಂದು ಬಾಟಲಿ ಚಿಮಣಿ ಎಣ್ಣೆಗೆ ಹನ್ನೆರಡು. ನಮ್ಮೂರು ಕರಜಗಿಯಿಂದ ಸೊಲ್ಲಾಪುರಕ್ಕೆ ಎಸ್‌.ಟಿ. ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಎಂಬತ್ತು. ನಾನು ಜಾತ್ರೆ ಸಂತೆಗಳಲ್ಲಿ ಬಳೆ ಕೇಳಿದರೆ ಅವ್ವ ಬಳೆಗಾರನಿಗೆ ದರ ಕೇಳಿ, ಮನಸ್ಸಿನಲ್ಲೇ ಭಾಗಿಸಿ, “ಇಪ್ಪತ್ತು ಅಕ್ಷರ ಆಗತಾವ, ನಿಮ್ಮಪ್ಪನ ಬೆರಳು ನೋಡೀಯಲ್ಲ” ಎನ್ನುತ್ತಿದ್ದಳು. ಅಲ್ಲಿಗೆ ನನ್ನ ಬಾಯಿ ಮುಚ್ಚುತ್ತಿತ್ತು. ನನ್ನ ಅಪ್ಪ, ಎಂದರೆ ನಿಮ್ಮ ಮುತ್ತಜ್ಜ, ಭಾಂಡೆಗಳ ಮೇಲೆ ಹೆಸರು ಹಾಕುತ್ತಿದ್ದ. ಭಾಂಡೆ ಎಂದರೆ ನೀವು ಪಾತ್ರೆ ಎನ್ನುತ್ತೀರಲ್ಲ, ಅದೇ. ತಂಬಿಗೆ, ಕೊಡ, ಗಂಗಾಳ, ಪರಾತ, ಯಾವುದೇ ಇರಲಿ, ಮಡಿಲಲ್ಲಿ ಇಟ್ಟುಕೊಂಡು ಸಣ್ಣ ಉಳಿ ಹಿಡಿದು ಅದಕ್ಕಿಂತ ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಬಡಿಯುತ್ತ ಹೋದರೆ ಹಿತ್ತಾಳೆಯ ಮೇಲೆ ಚುಕ್ಕೆ ಚುಕ್ಕೆ ಸೇರಿ ಅಕ್ಷರವಾಗುತ್ತಿತ್ತು. ಒಂದು ಅಕ್ಷರಕ್ಕೆ ಹತ್ತು ಪೈಸೆ. ಒತ್ತಕ್ಷರಕ್ಕೆ ಎರಡರಷ್ಟು ಬಡಿತ ಬೀಳುತ್ತದೆ, ಆದರೂ ಭಾಂಡೆ ಅಂಗಡಿಯವರು ಅದನ್ನು ಒಂದೇ ಎಂದು ಎಣಿಸುತ್ತಿದ್ದರು. ಅಪ್ಪ ಅದಕ್ಕಾಗಿ ಎಂದೂ ಜಗಳ ಮಾಡಿದವನಲ್ಲ. ಮನೆಗೆ ಬಂದು ಮಾತ್ರ, “ಈ ವಾರ ಬರೇ ಮಲ್ಲಪ್ಪ, ಎಲ್ಲಪ್ಪ, ಸಿದ್ದಪ್ಪಗೋಳ ಬಂದ್ರು” ಎಂದು ಮೊಣಕೈ ತಿಕ್ಕಿಕೊಳ್ಳುತ್ತಿದ್ದ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೇ. ಹೊಲವಿರಲಿಲ್ಲ. ಸುತ್ತ ಇದ್ದವರೆಲ್ಲ ಹೊಲದವರು, ಇಲ್ಲದಿದ್ದರೆ ಕುರಿಯವರು. ಅವರ ಮನೆಗಳಲ್ಲಿ ಜೋಳ ನೆಲದೊಳಗಿನ ಹಗೇವಿನಲ್ಲೋ ಚೀಲದಲ್ಲೋ ಇರುತ್ತಿತ್ತು. ನಮ್ಮ ಮನೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಮಣ್ಣಿನ ಗಡಿಗೆಯಲ್ಲಿ ಇರುತ್ತಿತ್ತು. ಅವ್ವ ರೊಟ್ಟಿಗೆ ಹಿಟ್ಟು ಮಾಡಿಸಲು ಜೋಳ ತೆಗೆಯುವಾಗ ಗಡಿಗೆಯೊಳಗೆ ಕೈ ಬಿಟ್ಟು ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡುತ್ತಿದ್ದಳು. ಮಣಿಕಟ್ಟಿನವರೆಗೆ ಎಂದರೆ ಚಿಂತೆಯಿಲ್ಲ. ಮೊಣಕೈವರೆಗೆ ಹೋದರೆ ಅವತ್ತು ಮಾತು ಕಡಿಮೆ. ಆ ಕೈ ಎಷ್ಟು ಒಳಗೆ ಹೋಯಿತು ಎಂದು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಅಂಜುಬುರುಕ ಸ್ವಭಾವಕ್ಕೆ ನೀವೆಲ್ಲ ನಗುತ್ತೀರಿ. ಪಕ್ಕದ ಮನೆಯ ಬೆಲ್ ಒತ್ತಲೂ ಅಜ್ಜಿ ಹೆದರುತ್ತಾಳೆ ಎನ್ನುತ್ತೀರಿ. ಅದು ಎಲ್ಲಿ ಶುರುವಾಯಿತು ಎಂದು ಯೋಚಿಸಿದರೆ ಆ ಗಡಿಗೆಯೇ ಕಣ್ಣಮುಂದೆ ಬರುತ್ತದೆ.

ಹೆಸರು ಹಾಕುವ ಕೆಲಸ ವರ್ಷವಿಡೀ ಇರುವುದಿಲ್ಲ. ಲಗ್ನ ಇದ್ದರೆ ಆಹೇರದ ಉಡುಗೊರೆ, ಆಹೇರ ಇದ್ದರೆ ಭಾಂಡೆ, ಭಾಂಡೆ ಇದ್ದರೆ ಹೆಸರು. ಮಗಳಿಗೆ ತವರಿನವರು ಕೊಡುವ ಭಾಂಡೆ, ಸೋದರಮಾವ ಕೊಡುವ ಪರಾತ, ಗೆಳೆಯರು ಕೂಡಿ ಕೊಡುವ ಕೊಡ, ಎಲ್ಲದರ ಮೇಲೂ ಹೆಸರಿರಬೇಕು. ಆಷಾಢ ಹಿಡಿಯಿತೆಂದರೆ ತುಳಸಿ ಲಗ್ನದವರೆಗೆ ನಾಲ್ಕು ತಿಂಗಳು ಮದುವೆಗಳಿಲ್ಲ. ಆ ನಾಲ್ಕು ತಿಂಗಳು ಉಳಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಅವ್ವ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ಅಪ್ಪನಿಗೆ ಹೊಲದ ಕೆಲಸ ಬರುತ್ತಿರಲಿಲ್ಲ. ಕರೆದವರು ಒಂದು ದಿನ ಕರೆದು ಎರಡನೇ ದಿನ ಬೇಡ ಎನ್ನುತ್ತಿದ್ದರು. ಹೀಗಾಗಿ ಸುಗ್ಗಿ ಮುಗಿದ ಮೇಲಿನ ಮೂರು ತಿಂಗಳ ಲಗ್ನಗಳಲ್ಲಿ ಮಳೆಗಾಲದ ನಾಲ್ಕು ತಿಂಗಳ ಜೋಳವನ್ನೂ ದುಡಿಯಬೇಕು. ಆ ಮೂರು ತಿಂಗಳು ಅಪ್ಪ ಸೋಮವಾರ ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ ಶನಿವಾರ ಬರುತ್ತಿದ್ದ. ಅಲ್ಲಿ ಒಂದು ದೊಡ್ಡ ಭಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು ಕೆಲಸ, ರಾತ್ರಿ ಅವನ ಅಕ್ಕ ಇದ್ದ ಚಾಳಿನ ಒಂದು ಕೋಣೆಯಲ್ಲಿ ನಿದ್ದೆ. ಈ ಅತ್ತಿ ಬೀಡಿ ಕಟ್ಟುತ್ತಿದ್ದಳು.

ನಾನು ಐದನೆಯ ಇಯತ್ತೆ, ಎಂದರೆ ಐದನೆಯ ತರಗತಿಯಲ್ಲಿದ್ದ ವರ್ಷ ಆ ಅಂಗಡಿಗೆ ಹೆಸರು ಹಾಕುವ ಮಷೀನು ಬಂತು. ಕರೆಂಟಿನ ಪೆನ್ನಿನಂಥದು. ಝರ್ ಎನ್ನುತ್ತ ಬರೆದರೆ ಒಂದು ಹೆಸರು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಅಂಗಡಿಯವರು ದೊಡ್ಡ ಗಿರಾಕಿಗಳಿಗೆ ಹೆಸರನ್ನು ಪುಕ್ಕಟೆಯಾಗಿ ಹಾಕಿಕೊಡಲು ಶುರುಮಾಡಿದರು. ಅಪ್ಪನನ್ನು ಕಟ್ಟೆಯಿಂದ ಏಳು ಎಂದು ಯಾರೂ ಹೇಳಲಿಲ್ಲ. ಕೂತವನ ಮುಂದೆ ಭಾಂಡೆ ಬರುವುದು ನಿಂತಿತು, ಅಷ್ಟೇ. ಕೈಯಿಂದ ಬಡಿದ ಅಕ್ಷರವೇ ಬೇಕು ಎನ್ನುವ ಹಳೇ ಜನ ಯಾರಾದರೂ ಬಂದರೆ ಉಂಟು. ಒಂದು ಶನಿವಾರ ಅಪ್ಪನ ಜೊತೆ ಅತ್ತಿಯೂ ಬಂದಳು. ಅವಳು ಮರಾಠಿ ಬೆರೆಸಿಯೇ ಮಾತಾಡುವವಳು, ದನಿ ದೊಡ್ಡದು. ಊಟಕ್ಕೆ ಕೂತಾಗ ತಾಟಿನ ಮುಂದೆಯೇ ಮಾತು ತೆಗೆದಳು.

“ಪೋರಿನ್ನ ನನ್ನ ಕಡೆ ಕಳಸು. ಎಲಿ ಕತ್ತರಸಾಕ, ದಾರ ಸುತ್ತಾಕ ಎರಡು ಸಣ್ಣ ಕೈ ಬೇಕಾಗ್ಯಾವ ನನಗ. ಉಣ್ಣೂದು ನನ್ನ ಮನ್ಯಾಗ, ಮ್ಯಾಲ ನಿಮಗೂ ನಾಕು ದುಡ್ಡು.”

“ಸಾಲಿ?” ಎಂದಳು ಅವ್ವ.

“ಸಾಲಿ ಓದಿ ನಿನ್ನ ಗಂಡ ಏನ್ ಮಾಡ್ಯಾನ ಬಘ. ಊರ ಮಂದಿ ಹೆಸರು ಬರದು ಬರದು ತನ್ನ ಹೆಸರಿಲೆ ಒಂದು ತಂಬಿಗಿ ಮಾಡಿಲ್ಲ.”

ಅಪ್ಪ ನಕ್ಕ. ಅವ್ವ ನಗಲಿಲ್ಲ. ಅತ್ತಿ ಹೋದ ಮೇಲೆ ಅವರಿಬ್ಬರಿಗೂ ಜಗಳವಾಯಿತು. ನಮ್ಮ ಮನೆಯ ಜಗಳ ಎಂದರೆ ಅವ್ವ ಮಾತಾಡುವುದು, ಅಪ್ಪ ಉಳಿಯನ್ನು ಕಲ್ಲಿಗೆ ಮಸೆಯುವುದು. ಕೊನೆಗೆ ಅವ್ವ ಗಡಿಗೆ, ಡಬ್ಬಿ, ದೇವರ ಮುಂದಿನ ಚಿಲ್ಲರೆ, ಎಲ್ಲ ನೋಡಿ ಒಂದು ಲೆಕ್ಕ ಹೇಳಿದಳು. ತುಳಸಿ ಲಗ್ನದವರೆಗೆ ನಾಲ್ವರು ಉಣ್ಣಬೇಕಾದರೆ ಇನ್ನೂ ಐನೂರು ಅಕ್ಷರ ಬೇಕು. ಆಷಾಢಕ್ಕೆ ಒಂದೂವರೆ ತಿಂಗಳಿದೆ. ಐನೂರು ಬಂದರೆ ಹುಡುಗಿ ಇಲ್ಲೇ ಇರುತ್ತಾಳೆ. ಬರದಿದ್ದರೆ ಅತ್ತಿಯ ಮನೆಗೆ ಹೋಗುತ್ತಾಳೆ. ನಾನು ಪಡಸಾಲೆಯಲ್ಲಿ ತಮ್ಮನನ್ನು ಮಲಗಿಸುತ್ತ ಕೇಳಿಸಿಕೊಂಡೆ. ಆ ದಿನದಿಂದ ಐನೂರು ಎಂಬ ಸಂಖ್ಯೆ ನನ್ನನ್ನು ಬಿಡಲಿಲ್ಲ. ಸಾಲಿಯಲ್ಲಿ ಮಾಸ್ತರರು ಹಲಗೆಯ ಮೇಲೆ ಬರೆದ ಹೆಸರುಗಳನ್ನು ನೋಡಿದರೂ ಎಣಿಸುತ್ತಿದ್ದೆ. ಬಾವಿಯ ಕಟ್ಟೆಯಲ್ಲಿ ಯಾರದೋ ಮನೆಯ ಲಗ್ನದ ಮಾತು ಬಂದರೆ, ಮದುಮಗಳ ಹೆಸರು ಉದ್ದವಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಚಾಳು ಎಂದರೆ ಹೇಗಿರುತ್ತದೋ ಗೊತ್ತಿರಲಿಲ್ಲ. ಅತ್ತಿಯ ಸೀರೆಯಿಂದ ತಂಬಾಕಿನ ವಾಸನೆ ಬರುತ್ತಿತ್ತು. ಆ ವಾಸನೆಯೊಳಗೆ ಹೋಗಿ ಇರುವುದು ಎಂದರೆ ಹೇಗೆ ಎಂದು ಯೋಚಿಸಿ ಊಟ ಬಿಡುತ್ತಿದ್ದೆ.

ಮೂರು ವಾರ ಕಳೆದವು. ಅಪ್ಪ ತಂದ ಹಣ ಬಸ್ಸಿಗೆ ಹೋಗಿ ಉಳಿದದ್ದು ಅಷ್ಟಕ್ಕಷ್ಟೆ. ಐನೂರು ಐನೂರಾಗಿಯೇ ಉಳಿಯಿತು. ಆಗ ಒಂದು ಶುಕ್ರವಾರ ಮಧ್ಯಾಹ್ನ ಸಿದ್ದಪ್ಪ ಕಾಕಾ ಬಂದ. ನಮ್ಮೂರಿನಿಂದ ಒಂದು ತಾಸು ನಡೆದರೆ ಸಿಗುವ ಊರಿನ ಗೌಡರ ಮನೆಯಲ್ಲಿ ಅವನು ಕುರಿ ನೋಡಿಕೊಂಡಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವ್ವ ಕೂಲಿಗೆ ಹೋಗಿದ್ದಳು. ಅಪ್ಪ ಸೊಲ್ಲಾಪುರದಲ್ಲಿ. ಅವನು ಹೊಸ್ತಿಲ ಹೊರಗೆ ಕೂತು ನೀರು ಕೇಳಿ ಕುಡಿದು ಹೇಳಿದ.

“ಗೌಡ್ರ ಮಗಳ ಲಗ್ನ ಅದ ತಂಗಿ. ಐವತ್ತೊಂದು ಭಾಂಡಿ ಬಂದಾವ. ಆಯಿಯವ್ರು ಮಷೀನಿಂದು ಬ್ಯಾಡ ಅಂದಾರ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಎರಡು ವರ್ಷಕ್ಕ ಹೋಗತದಂತ. ನಿಮ್ಮಪ್ಪಗ ರವಿವಾರ ಬರಾಕ ಹೇಳು. ಬರಕೋ, ಬರಿಯಾಕ ಬರತದಿಲ್ಲೊ?”

ನಾನು ಅಂಕಲಿಪಿಯ ಹಿಂದಿನ ಹಾಳೆ ಹರಿದು ಪೆನ್ಸಿಲ್ ಹಿಡಿದೆ.

“ಐವತ್ತು ಭಾಂಡಿಗೆ ‘ಗಂಗಾ ಶಿವಪ್ಪ’. ಹುಡುಗಿ ಹೆಸರು, ಗೌಡ್ರ ಹೆಸರು, ಇಷ್ಟ. ಬರದೇನು? ಇನ್ನೊಂದು ಹಂಡೆ ಅದ. ಅದು ಬೀಗರು ಕೊಡೂದು. ಅದಕ್ಕ ‘ಸೌ. ಅನ್ನಪೂರ್ಣಾ ಮಲ್ಲಿಕಾರ್ಜುನ ಬಿರಾದಾರ’ ಅಂತ. ಹುಡುಗಿಗೆ ಗಂಡನ ಮನಿಯವ್ರು ಇಡೂ ಹೆಸರು ಅದು. ಹಂಡೆದ್ದು ಈಗ ಬ್ಯಾಡ, ಲಗ್ನದ ಅಕ್ಕಿ ಬಿದ್ದಮ್ಯಾಲ ಹಾಕಲಿ. ಯಾರ ಮುಂದೂ ಹೇಳಬ್ಯಾಡ ಮತ್ತ, ಹುಡುಗಿಗೂ ಗೊತ್ತಿಲ್ಲ.”

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮದುಮಗಳ ಹೆಸರು ಬದಲಿಸುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರವಿ ಹೊಸ ಹೆಸರನ್ನು ಬೆರಳಿನಿಂದ ಬರೆದು ಎಲ್ಲರಿಗೂ ತೋರಿಸುವವರೆಗೆ ಅದು ಗುಟ್ಟು. ತವರಿನ ಭಾಂಡೆಯ ಮೇಲೆ ತವರಿನ ಹೆಸರು, ಗಂಡನ ಮನೆಯ ಭಾಂಡೆಯ ಮೇಲೆ ಆ ಮನೆಯ ಹೆಸರು. ಇದು ಹೆಸರು ಹಾಕುವವರ ಮನೆಯ ಕೂಸಾದ ನನಗೆ ಗೊತ್ತಿತ್ತು. ಸಿದ್ದಪ್ಪ ಕಾಕಾ ಹೋದ ಮೇಲೆ ನಾನು ಚೀಟಿ ಹಿಡಿದು ಕೂತೆ. ಗಂಗಾ ಶಿವಪ್ಪ, ಐದು ಅಕ್ಷರ. ಐವತ್ತಕ್ಕೆ ಇನ್ನೂರೈವತ್ತು. ಹಂಡೆಯದು ಹದಿನಾಲ್ಕು. ಎಲ್ಲ ಸೇರಿ ಇನ್ನೂರ ಅರವತ್ತನಾಲ್ಕು. ಅರ್ಧ ದಾರಿಗೆ ನಿಲ್ಲುತ್ತದೆ. ಎಲ್ಲ ಭಾಂಡೆಗೂ ಹದಿನಾಲ್ಕರ ಹೆಸರು ಹಾಕಿದರೆ ಏಳುನೂರ ಹದಿನಾಲ್ಕು. ಗುಣಾಕಾರ ಸರಿಯಿದೆಯೇ ಎಂದು ಮೂರು ಸಲ ನೋಡಿದೆ. ಆಮೇಲೆ ರಬ್ಬರ್ ತೆಗೆದುಕೊಂಡು ಮೊದಲನೆಯ ಸಾಲನ್ನು ಅಳಿಸಿದೆ. ‘ಐವತ್ತೊಂದು ಭಾಂಡಿಗೆ’ ಎಂದು ಬರೆದು ಉದ್ದನೆಯ ಹೆಸರೊಂದನ್ನೇ ಉಳಿಸಿದೆ. ಉದ್ದ ಹೆಸರು ಕಂಡರೆ ಗೌಡರ ಮನೆಯವರಿಗೆ ಸಂತೋಷವೇ ಆಗುತ್ತದೆ, ಹಣಕ್ಕೆ ಅವರಿಗೇನು ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡೆ. ಶನಿವಾರ ಅಪ್ಪ ಬಂದು ಚೀಟಿ ಕೇಳಿದ. ಅವನು ಅದನ್ನು ಓದಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಅವ್ವನಿಗೆ, “ಏಳುನೂರರ ಕೆಲಸ ಬಂದದ” ಎಂದ. ಅವ್ವ ಆ ರಾತ್ರಿ ಒಂದು ರೊಟ್ಟಿ ಹೆಚ್ಚು ಬಡಿದಳು.

ರವಿವಾರ ಅಪ್ಪ ಗೌಡರ ಮನೆಗೆ ಹೋದವನು ಅಲ್ಲೇ ಉಳಿದ. ಸೋಮವಾರ ಮಧ್ಯಾಹ್ನ ಅವ್ವ ನನ್ನ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸಿದಳು. ಗೌಡರ ಮನೆಯಲ್ಲಿ ಊಟ ಕೊಡುತ್ತಾರೆ, ಆದರೆ ಅಪ್ಪನಿಗೆ ಬೇರೆಯವರ ಮನೆಯ ಖಾರ ಆಗುತ್ತಿರಲಿಲ್ಲ. ದೊಡ್ಡ ಪಡಸಾಲೆಯ ತುಂಬ ಭಾಂಡೆ. ಬಾಗಿಲಿನಿಂದ ಬಂದ ಬಿಸಿಲು ಹಿತ್ತಾಳೆಯ ಮೇಲೆ ಬಿದ್ದು ಗೋಡೆಯೆಲ್ಲ ಹಳದಿಯಾಗಿತ್ತು. ಅಪ್ಪ ಮೂಲೆಯಲ್ಲಿ ಕೂತು ಒಂದು ಕೊಡವನ್ನು ಮಡಿಲಲ್ಲಿಟ್ಟು ಬಡಿಯುತ್ತಿದ್ದ. ಮುಗಿದವನ್ನು ಬಾಯಿ ಕೆಳಗೆ ಮಾಡಿ ಒಂದು ಬದಿಗೆ ಜೋಡಿಸಿದ್ದ. ನಾನು ಬುತ್ತಿ ಬಿಚ್ಚುತ್ತಿದ್ದಾಗ ಒಳಗಿನಿಂದ ಮದುಮಗಳು ಬಂದಳು. ಹದಿನೇಳು ಇದ್ದಿರಬೇಕು. ಅರಿಶಿಣ ಇನ್ನೂ ಹಚ್ಚಿರಲಿಲ್ಲ, ಕೈಯಲ್ಲಿ ಹಸಿರು ಬಳೆ ಮಾತ್ರ. ನನ್ನನ್ನು ನೋಡಿ ನಕ್ಕು, “ನೀ ಇವ್ರ ಮಗಳೇನು? ಎಷ್ಟನೇ ಇಯತ್ತಾ?” ಎಂದಳು. ನಾನು ಐದು ಬೆರಳು ತೋರಿಸಿದೆ. ಅವಳು ಜೋಡಿಸಿಟ್ಟ ಭಾಂಡೆಗಳ ಹತ್ತಿರ ಕೂತು ಒಂದು ಗಂಗಾಳ ತೆಗೆದುಕೊಂಡಳು. ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡುವ ಆಸೆ ಯಾರಿಗಿರುವುದಿಲ್ಲ. ಓದಿದಳು. ಇಟ್ಟು ಇನ್ನೊಂದು ತೆಗೆದಳು. ಅದನ್ನೂ ಓದಿದಳು.

“ಕಾಕಾ, ಅನ್ನಪೂರ್ಣಾ ಅಂದ್ರ ಯಾರ್ರಿ?”

ಅಪ್ಪನ ಸುತ್ತಿಗೆ ನಿಂತಿತು. ಅವಳು ಮತ್ತೊಮ್ಮೆ ಗಂಗಾಳ ನೋಡಿದಳು. ಮಲ್ಲಿಕಾರ್ಜುನ ಎಂಬುದು ತಾನು ಮದುವೆಯಾಗುವ ಹುಡುಗನ ಹೆಸರು ಎಂದು ಅವಳಿಗೆ ಗೊತ್ತಿತ್ತಲ್ಲ. ಆಗ ತಿಳಿಯಿತು. ಅವಳ ಮುಖ ನಿಧಾನಕ್ಕೆ ಬದಲಾಯಿತು. ಅಳಲಿಲ್ಲ. ಗಂಗಾಳವನ್ನು ಎದೆಗೆ ಒತ್ತಿ ಹಿಡಿದು ಒಳಗಿನ ಕಡೆ ತಿರುಗಿ ಕರೆದಳು.

“ಆಯಿ, ನನ್ನ ಹೆಸರು ತಗೀತಾರಂತ ನನಗ್ಯಾಕ ಹೇಳಿಲ್ಲ?”

ಆಯಿಯವರು ಎಂದರೆ ಗೌಡರ ತಾಯಿ. ಬಿಳಿ ಸೀರೆ, ಹಲ್ಲಿಲ್ಲದ ಬಾಯಿ, ಕೋಲೂರಿ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳಿಂದ ಓದಿಸಿ ಕೇಳಿದರು. ಒಂದು, ಎರಡು, ಮೂರು ಭಾಂಡೆ. ಆಮೇಲೆ ಅಲ್ಲೇ ಕೂತುಬಿಟ್ಟರು.

“ಅಕ್ಕಿಕಾಳು ಬೀಳೂದಕ್ಕಿಂತ ಮೊದಲ ಗಂಡನ ಹೆಸರು ಹಿತ್ತಾಳಿ ಮ್ಯಾಲ ಬಿತ್ತೇನಪಾ? ಇನ್ನ ಹದಿನೈದು ದಿನ ಅದ ಲಗ್ನಕ್ಕ. ನಡುವ ಏನಾರೆ ಹೆಚ್ಚು ಕಡಿಮಿ ಆದ್ರ ಈ ಹೆಸರು ಯಾರು ತಗೀತಾರ? ನೀ ತಗೀತಿ?”

ಗೌಡರು ಬಂದರು. ಅವರು ಕೂಗಾಡುವ ಮನುಷ್ಯರಲ್ಲ. ಸಿದ್ದಪ್ಪ ಕಾಕಾನನ್ನು ಕರೆಸಿದರು. ಅವನು ಕಂಬಳಿ ಸರಿಮಾಡಿಕೊಂಡು ನನ್ನ ಕಡೆಗೇ ನೋಡುತ್ತ ಹೇಳಿದ.

“ನಾ ಎರಡೂ ಹೇಳೇನ್ರಿ ಧಣಿ. ಈ ಕೂಸಿನ ಕಡೆ ಬರಸೇನಿ. ಐವತ್ತಕ್ಕ ಒಂದು, ಹಂಡೆಗ ಒಂದು. ಬೀರದೇವರ ಆಣಿ.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ರೊಟ್ಟಿಯ ಬಟ್ಟೆ ಇತ್ತು. ಬಾಯಿ ತೆರೆದೆನೋ ಇಲ್ಲವೋ, ಅಪ್ಪ ಉಳಿ ಕೆಳಗಿಟ್ಟು ಎದ್ದು ನಿಂತ. ಕೈ ಮುಗಿದ.

“ಕೂಸು ಬರೋಬರಿ ಬರದದ್ರಿ. ನನ್ನ ಕಣ್ಣು ತಪ್ಪಿದುವು. ಮೊದಲನೇ ಸಾಲು ಬಿಟ್ಟು ಎರಡನೇ ಸಾಲು ಹಿಡದೆ. ಕಣ್ಣಿಗೆ ವಯಸ್ಸಾಗ್ಯದ್ರಿ.”

“ಚೀಟಿ ಎಲ್ಲದ?” ಎಂದರು ಗೌಡರು.

“ಒಲಿಗೆ ಹೋತ್ರಿ.”

ಚೀಟಿ ಅವನ ಕಿಸೆಯಲ್ಲೇ ಇತ್ತು. ಅದರ ತುದಿ ನನಗೆ ಕಾಣಿಸುತ್ತಿತ್ತು. ಅಷ್ಟು ಹೊತ್ತಿಗೆ ಮೂವತ್ತೊಂದು ಭಾಂಡೆ ಮುಗಿದಿದ್ದವು. ಬಡಿದ ಅಕ್ಷರವನ್ನು ತೆಗೆಯಲು ಬರುವುದಿಲ್ಲ. ಅರದಿಂದ ತಿಕ್ಕಿದರೆ ಅಲ್ಲಿ ಹಿತ್ತಾಳೆ ತೆಳುವಾಗಿ ಕಲೆ ಉಳಿಯುತ್ತದೆ. ಮದುವೆಯ ಭಾಂಡೆಗೆ ಕಲೆ ಇರಬಾರದು. ಹೊಸ ಭಾಂಡೆ ತಂದುಕೊಡು ಎಂದರೆ ನಾವು ಮನೆ ಮಾರಬೇಕಿತ್ತು. ಗೌಡರು ಒಂದು ಭಾಂಡೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ನಾನು ಅಪ್ಪನ ಕಾಲ ಬೆರಳು ನೋಡುತ್ತ ನಿಂತೆ. ಅವು ನೆಲವನ್ನು ಒತ್ತಿ ಹಿಡಿದಿದ್ದವು. ಕೊನೆಗೆ ದಾರಿ ತೆಗೆದವರು ಆಯಿಯವರೇ.

“ಅದರ ಮ್ಯಾಲಕ್ಕ ಜಾಗ ಅದ ಏನು? ಅಲ್ಲಿ ತವರಿನ ಹೆಸರು ಹಾಕು. ಓದಾವ್ರು ಮೊದಲ ಅದನ್ನ ಓದಲಿ. ಮೊದಲ ಹುಟ್ಟಿದ್ದು, ಆಮ್ಯಾಲ ಕೊಟ್ಟಿದ್ದು. ಅಕ್ಕಿ ಬೀಳೂತನ ಎಲ್ಲಾ ಭಾಂಡಿ ಮ್ಯಾಲ ಅರಿವಿ ಮುಚ್ಚಿಡ್ರಿ.”

“ಸಾಲೂದಿಲ್ಲ ಆಯಿ ಜಾಗ,” ಎಂದಳು ಗಂಗಾ. ಗಂಗಾಳವನ್ನು ಇನ್ನೂ ಬಿಟ್ಟಿರಲಿಲ್ಲ. “ನನ್ನ ಹೆಸರು ಇಕ್ಕಟ್ಟಾಗಿ ಕೂಡತದ.”

“ಹೆಣ್ಣಮಕ್ಕಳಿಗೆ ಇಕ್ಕಟ್ಟಿನ್ಯಾಗ ಕೂತ ರೂಢಿ ಅದ ಬಿಡು,” ಎಂದರು ಆಯಿಯವರು. ಯಾರೋ ಒಳಗಿನಿಂದ ನಕ್ಕರು. ಗಂಗಾ ನಗಲಿಲ್ಲ. ಎದ್ದು ಒಳಗೆ ಹೋದಳು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅಪ್ಪ ಇನ್ನೂ ಎರಡು ದಿನ ಅಲ್ಲೇ ಕೂತು ಮೂವತ್ತೊಂದು ಭಾಂಡೆಗಳ ನೆತ್ತಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ತವರಿನ ಹೆಸರು ಹಾಕಿದ. ಉಳಿದ ಹತ್ತೊಂಬತ್ತಕ್ಕೆ ಅದೊಂದೇ. ಉದ್ದ ಹೆಸರಿನ ಕೂಲಿ ಬಿಟ್ಟುಕೊಟ್ಟ. ಹೇಳಿದಷ್ಟಕ್ಕೆ ಗೌಡರು ಕೊಟ್ಟರು. ಲಗ್ನ ಆದ ಮೇಲೆ ಹಂಡೆಯದೂ ಸೇರಿ ಇನ್ನೂರ ಅರವತ್ತನಾಲ್ಕು ಅಕ್ಷರ. ಆಯಿಯವರು ಒಂದು ಮೊರ ತುಂಬ ಜೋಳ ಕೊಡಲು ಬಂದರೆ ಅಪ್ಪ ಬೇಡವೆಂದು ಬಂದುಬಿಟ್ಟಿದ್ದ. ಅವ್ವ ಅದನ್ನೇ ಹಿಡಿದಳು.

“ಮನಿಗೆ ಬಂದ ಜೋಳಕ್ಕ ಬ್ಯಾಡ ಅನ್ನೂವಷ್ಟು ಸಾವಕಾರಕಿ ಯಾವಾಗ ಬಂತ್ರಿ? ಕಣ್ಣ ಹೋಗ್ಯಾವ ಅಂತ ಹೇಳಾಕ ಆಗಲಿಲ್ಲೇನು ನನ್ನ ಮುಂದ? ಇಷ್ಟು ದಿನ ಮುಚ್ಚಿಟ್ಟು ಕಡೀಕ ಮಂದಿ ಮುಂದ ಮಾನ ಕಳಕೊಂಡ್ರಿ.”

ಅಪ್ಪ ಉಳಿ ಮಸೆದ. ಅವ್ವ ಮೂರನೆಯ ದಿನ ಮೊಟ್ಟೆಯಿಡುವ ಎರಡು ಕೋಳಿಗಳನ್ನು ಮಾರಿದಳು. ಅಪ್ಪನನ್ನು ಅಕ್ಕಲಕೋಟೆಯ ಸಂತೆಗೆ ಎಳೆದುಕೊಂಡು ಹೋದಳು. ನಾನೂ ತಮ್ಮನನ್ನು ಎತ್ತಿಕೊಂಡು ಜೊತೆಗೆ ಹೋದೆ. ಅಲ್ಲಿ ಗೋಣಿತಟ್ಟಿನ ಮೇಲೆ ಚಷ್ಮಾ ಹರವಿಕೊಂಡು ಕೂತಿದ್ದ ಒಬ್ಬ ಸಾಬ ಒಂದೊಂದನ್ನೇ ಅಪ್ಪನ ಮೂಗಿಗೆ ಏರಿಸಿ ಪೇಪರಿನ ತುಂಡು ಹಿಡಿದು, “ಕಾಣಸ್ತದೇನ್ರಿ?” ಎಂದು ಕೇಳುತ್ತಿದ್ದ. ಅಪ್ಪ ಮೂರನೆಯದಕ್ಕೆ, “ಕಾಣಸ್ತದ, ಛಲೋ ಕಾಣಸ್ತದ” ಎಂದ. ಕಪ್ಪು ಚೌಕಟ್ಟಿನ ದಪ್ಪ ಗಾಜಿನ ಚಷ್ಮಾ. ಅವ್ವ ಹಣ ಎಣಿಸಿ ಕೊಟ್ಟಳು. ಎಷ್ಟು ಅಕ್ಷರವಾಯಿತು ಎಂದು ಆ ದಿನ ಅವಳು ಹೇಳಲಿಲ್ಲ.

ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿಗೆ ಬಂದಾಗಲೆಲ್ಲ ಅವ್ವನ ಕೈ ಗಡಿಗೆಯೊಳಗೆ ಇರುತ್ತಿತ್ತು, ಅಥವಾ ಅಪ್ಪ ಚಷ್ಮಾ ಹಾಕಿಕೊಂಡು ಕೂತಿರುತ್ತಿದ್ದ. ಕಾರಹುಣ್ಣಿಮೆ ಆಯಿತು, ಐನೂರು ತುಂಬಲಿಲ್ಲ. ಆಷಾಢ ಹಿಡಿಯುವ ಮುಂಚಿನ ವಾರ ಅವ್ವ ನನ್ನ ಎರಡು ಲಂಗ, ಒಂದು ತಾಟು, ಒಂದು ಡಬ್ಬಿ ಶೇಂಗಾ ಚಟ್ನಿ ಚೀಲಕ್ಕೆ ಹಾಕಿದಳು. ಬಸ್ಸಿನವರೆಗೆ ಬರಲಿಲ್ಲ. ಕೂಲಿ ತಪ್ಪುತ್ತದೆ ಎಂದಳು. ನಾನು ತಿರುಗಿ ನೋಡಿದಾಗ ಅವಳು ಕೂಲಿಗೂ ಹೋಗದೆ ಬಾಗಿಲಲ್ಲೇ ನಿಂತಿದ್ದಳು.

ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಸೊಲ್ಲಾಪುರದ ಬಸ್ಸು ಹತ್ತಿದೆವು. ಕಿಟಕಿಯ ಹತ್ತಿರ ನನ್ನನ್ನು ಕೂರಿಸಿ ಅಪ್ಪ ಪಕ್ಕದಲ್ಲಿ ಕೂತ. ಊರು ದಾಟಿದ ಮೇಲೆ ಚಷ್ಮಾ ತೆಗೆದು ಕಿಸೆಯಲ್ಲಿಟ್ಟು ಕಣ್ಣು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಊರಿನ ಹೆಸರು ಬರೆದ ಒಂದು ಪಾಟಿ ಕಂಡಿತು. ಅದರ ಮೇಲಿನ ಅಕ್ಷರ ನನಗಿನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪ ಅದನ್ನು ಓದಿ, “ವಳಸಂಗ ಬಂತು” ಎಂದ. ನಾನು ಅವನ ಮುಖ ನೋಡಿದೆ.

“ಅಪ್ಪಾ, ನಿನ್ನ ಕಣ್ಣು ತಪ್ಪಿಲ್ಲ. ಚೀಟ್ಯಾಗ ಮೊದಲನೇ ಸಾಲು ನಾ ಅಳಿಸೇನಿ.”

ಅವನು ಸೀಟಿನ ಸರಳು ಹಿಡಿದುಕೊಂಡ.

“ಗೊತ್ತದ.”

“ಯಾವಾಗ ಗೊತ್ತಾತು?”

“ಚೀಟಿ ಕೈಯಾಗ ಹಿಡದಾಗನ. ಇಪ್ಪತ್ತು ವರ್ಷ ಗೆರಿ ಮುಟ್ಟಿ ನೋಡಿದ ಕೈ ಇದು. ರಬ್ಬರ್ ಹಚ್ಚಿದ್ರ ಬಣ್ಣ ಹೋಗತದ, ತಗ್ಗು ಹೋಗತದೇನು? ಐವತ್ತು, ಗಂಗಾ, ಶಿವಪ್ಪ. ಪೂರಾ ಹತ್ತಿತು ಹೆಬ್ಬೆರಳಿಗೆ.”

“ಮತ್ತ ಯಾಕ ಹಾಕಿದಿ?”

ಕಂಡಕ್ಟರ್ ಬಂದ. ಅಪ್ಪ ಟಿಕೆಟ್ ತೋರಿಸಿದ. ಕಂಡಕ್ಟರ್ ಮುಂದೆ ಹೋದ ಮೇಲೆ ಹೇಳಿದ.

“ನಾನೂ ಎಣಿಸಿದ್ನೆಲ್ಲ ಯವ್ವಾ. ನೀ ಇಲ್ಲೇ ಉಳೀತಿ ಅಂತ ನನಗೂ ಆಶಾ ಇತ್ತು. ತವರಿನ ಭಾಂಡಿಗೆ ಯಾವ ಹೆಸರು ಹಾಕಬೇಕಂತ ತಿಳೀದ ಮನಶ್ಯಾ ಅಲ್ಲ ನಾ. ಕೂಸು ಹಿಂಗ ಬರದದ, ನಾ ಏನ್ ಮಾಡ್ಲಿ ಅಂತ ಹೇಳಾಕ ಒಂದು ಚೀಟಿ ಸಿಕ್ಕಿತ್ತು. ಕಡೀಕ ನಿನ್ನ ಅವ್ರ ಮುಂದ ನಿಂದ್ರಿಸಿ ಅದನ್ನ ಹೇಳಾಕ ಬಾಯಿ ಬರಲಿಲ್ಲ.”

ನಾನು ಅಳಲು ಶುರುಮಾಡಿದೆ. ಅವನು ನನ್ನ ಕಣ್ಣೊರೆಸಲಿಲ್ಲ. ಬಸ್ಸಿನಲ್ಲಿ ಜನ ನೋಡುತ್ತಾರೆ ಎಂದು ಕಿಟಕಿಯ ಕಡೆ ತಿರುಗಿಸಿದ. ಕುಂಭಾರಿ ಎಂಬ ಊರು ದಾಟಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

“ಅವ್ವಗ ಹೇಳಬ್ಯಾಡ. ಎರಡು ಕೋಳಿ ಮಾರ್ಯಾಳ ಆಕಿ.”

ನಾಲ್ಕು ತಿಂಗಳು ಅತ್ತಿಯ ಚಾಳಿನಲ್ಲಿ ಇದ್ದೆ. ಎಲೆ ನೆನೆಸುವುದು, ತಗಡಿನ ಅಳತೆಯಿಟ್ಟು ಕತ್ತರಿಸುವುದು, ಅತ್ತಿ ಸುತ್ತಿದ್ದಕ್ಕೆ ದಾರ ಕಟ್ಟುವುದು. ಅವಳು ಬಾಯಿಯಲ್ಲಿ ಬಿರುಸು, ಉಣ್ಣುವುದಕ್ಕೆ ಕಡಿಮೆ ಮಾಡಿದವಳಲ್ಲ. ತುಳಸಿ ಲಗ್ನವಾದ ಮೇಲೆ ಅಪ್ಪ ಬಂದು ಕರೆದುಕೊಂಡು ಹೋದ. ಮಾಸ್ತರರು ಮತ್ತೆ ಐದನೆಯ ಇಯತ್ತೆಯಲ್ಲೇ ಕೂರಿಸಿದರು. ಮುಂದಿನ ಮಳೆಗಾಲಗಳಲ್ಲಿ ಹೋದದ್ದೂ ಉಂಟು, ಹೋಗದೇ ಉಳಿದದ್ದೂ ಉಂಟು. ಹೀಗೆ ನಿಂತು ನಿಂತು ಏಳನೆಯದನ್ನು ಮುಗಿಸಿದೆ. ಈ ವಿಜಾಪುರ ರಸ್ತೆಯ ಮನೆಗೆ ಸೊಸೆಯಾಗಿ ಬರುವಾಗ ನನಗೆ ಹೆಸರು ಬದಲಿಸಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ಅಪ್ಪ ಕೇಳಿಕೊಂಡಿರಬಹುದು ಎಂದು ಈಗೀಗ ಅನಿಸುತ್ತದೆ.

ಅಪ್ಪ ಆ ಚಷ್ಮಾ ಬಿಡಲಿಲ್ಲ. ಅವ್ವ ದಿನಾ ಬೆಳಿಗ್ಗೆ ಅದನ್ನು ಸೆರಗಿನ ತುದಿಯಿಂದ ಎರಡೂ ಕಡೆ ಒರೆಸಿ ಅವನ ಕೈಗೆ ಕೊಡುತ್ತಿದ್ದಳು. ಅವನು ಹಾಕಿಕೊಂಡು, ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನೋಡುತ್ತ ಹೆಸರು ಹಾಕುತ್ತಿದ್ದ. ಅವ್ವ ಹತ್ತಿರ ಬಂದರೆ ಮೇಲಕ್ಕೆ ಏರಿಸುತ್ತಿದ್ದ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಹಣೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗುತ್ತಿದ್ದ. ಅವ್ವ ಶುಂಠಿ ತೇಯ್ದು ಹಚ್ಚುತ್ತ, “ಇದಕ್ಕ ಅನ್ನೂದು, ಕಣ್ಣಿನ ಕೆಲಸ ಕಡಿಮಿ ಮಾಡ್ರಿ ಅಂತ” ಎನ್ನುತ್ತಿದ್ದಳು. ಅಪ್ಪ, “ಹೌದ” ಎನ್ನುತ್ತಿದ್ದ.